ಡೆಂಗಿ ಜ್ವರ ಇಳಿಯಿತೇ? ಈಗ ಕೈ ಮುಟ್ಟಿ ನೋಡಿ

ಡೆಂಗಿ ಬಂದ ಮನೆಯಲ್ಲಿ ಥರ್ಮಾಮೀಟರ್ 99ಕ್ಕೆ ಇಳಿದ ದಿನ ಎಲ್ಲರೂ ಉಸ್ಸಪ್ಪಾ ಎನ್ನುತ್ತಾರೆ. ಅಂದು ರಾತ್ರಿ ಯಾರೂ ಎದ್ದು ನೋಡುವುದಿಲ್ಲ. ಆದರೆ ಕಣ್ಣಿಡಬೇಕಾದ ಹೊತ್ತು ಶುರುವಾಗುವುದೇ ಆಗ. ಜ್ವರ ಬಂದ 3ರಿಂದ 7ನೇ ದಿನದೊಳಗೆ, ಅದು ಇಳಿಯುವ ಆಸುಪಾಸಿನಲ್ಲೇ ಕೆಲವರಿಗೆ ‘ಶಾಕ್’ ಆಗುತ್ತದೆ.

ಶಾಕ್ ಅಂದರೆ ಗಾಬರಿಯಲ್ಲ, ಕರೆಂಟ್ ಹೊಡೆಯುವುದೂ ಅಲ್ಲ. ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ. ಅಪಘಾತವಾದರೆ ರಕ್ತ ಸುರಿದು ಹೋಗುತ್ತದೆ, ಹೃದಯಾಘಾತದಲ್ಲಿ ಪಂಪೇ ಸೋಲುತ್ತದೆ. ಡೆಂಗಿಯಲ್ಲಿ ಸಣ್ಣ ರಕ್ತನಾಳಗಳು ಹಳೇ ಪೈಪಿನ ಹಾಗೆ ಜಿನುಗುತ್ತವೆ. ಕೆಂಪು ಕಣಗಳು ಒಳಗೇ ಉಳಿದು, ನೀರಿನಂಶ ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಸೋರುತ್ತದೆ. ಉಳಿದ ರಕ್ತ ಗಟ್ಟಿಯಾಗುತ್ತದೆ. ರಿಪೋರ್ಟಿನಲ್ಲಿ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುವುದು ಇದಕ್ಕೇ. ನಾವು ಮಾತ್ರ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾ ಕೂತಿರುತ್ತೇವೆ, ಅಲ್ವಾ?

ರಕ್ತ ಸಾಲದಾದಾಗ ದೇಹ ಮಿದುಳು, ಹೃದಯಕ್ಕೆ ಮೊದಲು ಕೊಟ್ಟು, ಚರ್ಮಕ್ಕೆ ಕಡಿತ ಮಾಡುತ್ತದೆ. ಹಾಗಾಗಿ ಸುಳಿವು ಮೊದಲು ಸಿಗುವುದು ಕೈಕಾಲಿನಲ್ಲಿ.

ಮೊದಲು ಅಂಗೈ, ಪಾದ ಮುಟ್ಟಿ. ತಣ್ಣಗೆ, ಬೆವರಿ ಅಂಟಂಟಾಗಿವೆಯೇ? ಆಮೇಲೆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬೆರಳ ಉಗುರನ್ನು 5 ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಉಗುರು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಉಗುರುಬಣ್ಣ ಇದ್ದರೆ ಒರೆಸಿ ನೋಡಿ. ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ ಅಂತಲೂ ಕೇಳಿ. 4–6 ಗಂಟೆ ಆಗಿದ್ದರೆ ಸುಮ್ನೆ ಬಿಡಬೇಡಿ.

ಬಿಪಿ ಮೆಷಿನ್ ಇದ್ದರೆ ಮೇಲಿನ ಅಂಕಿಯನ್ನಷ್ಟೇ ನೋಡಿ ಮೋಸಹೋಗಬೇಡಿ. 100/85 ನೋಡಲು ಪರವಾಗಿಲ್ಲ ಅನಿಸುತ್ತದೆ. ಆದರೆ ಎರಡರ ನಡುವಿನ ಅಂತರ ಬರೀ 15. ಡೆಂಗಿಯಲ್ಲಿ ಅದು 20 ಅಥವಾ ಅದಕ್ಕಿಂತ ಕಡಿಮೆಯಾದರೆ ಶಾಕ್ ಎಂದೇ ಲೆಕ್ಕ. ರೋಗಿ ಎದ್ದು ಕೂತು ಮಾತಾಡುತ್ತಿದ್ದರೂ ಅಷ್ಟೇ.

ಇವುಗಳಲ್ಲಿ ಯಾವುದಾದರೂ ಕಂಡರೆ, ಅಥವಾ ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಇದ್ದರೆ 108ಕ್ಕೆ ಫೋನ್ ಮಾಡಿ. ಪಪ್ಪಾಯಿ ಎಲೆ ಅರೆಯಲು ಕೂರುವ ಹೊತ್ತಲ್ಲ ಇದು. ಮಲಗಿಸಿಯೇ ಕರೆದೊಯ್ಯಿರಿ. ಮಂಪರಿನಲ್ಲಿದ್ದರೆ ಬಾಯಿಗೆ ನೀರು ಹಾಕಬೇಡಿ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಬೇಡವೇ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು.

ಆಸ್ಪತ್ರೆಯಲ್ಲಿ ಮುಖ್ಯ ಔಷಧ ಸಲೈನ್ ಅಥವಾ ಅಂಥದ್ದೇ ಡ್ರಿಪ್ ದ್ರವವಾದ ರಿಂಗರ್ ಲ್ಯಾಕ್ಟೇಟ್. ತೂಕ ನೋಡಿ ಅಳತೆ ಹಾಕುತ್ತಾರೆ. ಬಿಪಿ ಪೂರ್ತಿ ಕುಸಿದವರಿಗೆ ಮೊದಲ ಕೆಲವೇ ನಿಮಿಷಗಳಲ್ಲಿ ಕಿಲೋಗೆ 20 ಮಿ.ಲೀ.ವರೆಗೂ ಬೇಕಾಗಬಹುದು. ಮತ್ತೆ ಮತ್ತೆ ಪಿಸಿವಿ ನೋಡುವುದಕ್ಕೂ ಕಾರಣವಿದೆ. ಸುಧಾರಿಸದೆ ಪಿಸಿವಿ ಏರುತ್ತಿದ್ದರೆ ಇನ್ನೂ ಸೋರುತ್ತಿದೆ ಎಂದರ್ಥ. ಸುಧಾರಿಸದೆಯೇ ಇಳಿದರೆ ಒಳಗೆಲ್ಲೋ ರಕ್ತಸ್ರಾವದ ಅನುಮಾನ, ಆಗ ರಕ್ತ ಕೊಡಬೇಕಾಗುತ್ತದೆ. ಪ್ಲೇಟ್‌ಲೆಟ್ ಕೊಟ್ಟರೆ ಸೋರಿಕೆ ನಿಲ್ಲುವುದಿಲ್ಲ.

24–48 ಗಂಟೆಯಲ್ಲಿ ಸೋರಿಕೆ ತಾನಾಗಿ ನಿಲ್ಲುತ್ತದೆ. ಹೊರಗೆ ಹೋದ ನೀರು ನಾಳಕ್ಕೆ ವಾಪಸ್ ಬರುತ್ತದೆ. ಆಗಲೂ ಸಲೈನ್ ಹರಿಸಿದರೆ ಶ್ವಾಸಕೋಶ ತುಂಬಿ ಉಸಿರು ಕಟ್ಟುತ್ತದೆ. “ಸುಸ್ತಾಗಿದ್ದಾರೆ, ಇನ್ನೊಂದು ಬಾಟಲಿ ಹಾಕಿ ಸಿಸ್ಟರ್” ಎಂದು ಒತ್ತಾಯಿಸುವ ನೆಂಟರು ಇಲ್ಲೇ ಎಡವುತ್ತಾರೆ. ಹಸಿವಾಯಿತು ಎಂದರೆ, ಮೂತ್ರ ಧಾರಾಳವಾಗಿ ಹೋದರೆ, ಕೆಂಪು ಮೈಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಎದ್ದು ತುರಿಸತೊಡಗಿದರೆ ಹೊಸ ರೋಗವೆಂದು ಹೆದರಬೇಡಿ, ಚೇತರಿಕೆ ಶುರುವಾಗಿದೆ.