ಮದುವೆ ಸೌಂಡ್ 60 ಡೆಸಿಬೆಲ್ ಒಳಗೆ ತಂದದ್ದು: ನನ್ನ ಅನುಭವ

ದಾವಣಗೆರೆ ಮೈಕ್‌ಸೆಟ್ ಲೈನಿನಲ್ಲಿ ಎರಡು ವರ್ಷ ನನಗೊಂದು ಅಡ್ಡಹೆಸರು ಇತ್ತು, ‘ಪಿಸುಮಾತು’ ಅಂತ. ಮಿರ್ಚಿ ಮಂಡಕ್ಕಿ ತಿನ್ನೋಕೆ ಸೇರಿದಾಗಲೆಲ್ಲ ಯಾರಾದರೊಬ್ಬರು ಕಿವಿಗೆ ಕೈ ಅಡ್ಡ ಹಿಡಿದು "ಏನಂದ್ರೀ? ಕೇಳಿಸ್ಲಿಲ್ಲ" ಅನ್ನುತ್ತಿದ್ದರು. ಈ ಸೀಸನ್ನಿನಲ್ಲಿ ಹನ್ನೊಂದೋ ಹನ್ನೆರಡೋ ಮದುವೆ ಮಾಡಿದೆ. ಒಂದಕ್ಕೂ ಪೊಲೀಸ್ ಜೀಪ್ ಬರಲಿಲ್ಲ, ಸೌಂಡ್ ಸಾಲಲಿಲ್ಲ ಅಂತ ಯಾರೂ ಬಾಕಿ ದುಡ್ಡು ಹಿಡಿಯಲಿಲ್ಲ. ಈಗ ಅದೇ ಮಂದಿ ರಾತ್ರಿ ಫೋನ್ ಮಾಡಿ ಸೆಟಪ್ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ನಷ್ಟದಿಂದ. ವಿದ್ಯಾನಗರದ ಕಡೆ ಒಂದು ಆರತಕ್ಷತೆ, ರಾತ್ರಿ ಹತ್ತು ಇಪ್ಪತ್ತು. ಪಕ್ಕದ ಮನೆಯವರು 112ಕ್ಕೆ ಫೋನ್ ಮಾಡಿದರು. ಪೊಲೀಸರು ಬಂದು ಎರಡು ಆಂಪ್ಲಿ, ಒಂದು ಮಿಕ್ಸರ್ ಎತ್ತಿಕೊಂಡು ಹೋದರು. ಬಿಡಿಸಿಕೊಳ್ಳೋಕೆ ಮೂರು ವಾರ. ಅಷ್ಟರಲ್ಲಿ ಒಪ್ಪಿಕೊಂಡಿದ್ದ ನಾಲ್ಕು ಕೆಲಸಕ್ಕೆ ಬಾಡಿಗೆ ಆಂಪ್ಲಿ ತಂದೆ. ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಆವತ್ತು ಸಿಟ್ಟು ಬಂತು, ಸುಳ್ಳು ಹೇಳೋದಿಲ್ಲ. ಆದರೆ ಆ ಮನೆಯಲ್ಲಿ ಪರೀಕ್ಷೆಗೆ ಓದೋ ಹುಡುಗಿ ಇದ್ದಳು ಅಂತ ಆಮೇಲೆ ಗೊತ್ತಾಯಿತು. ಅವರ ಜಾಗದಲ್ಲಿ ನಾನಿದ್ದರೂ ಫೋನ್ ಮಾಡುತ್ತಿದ್ದೆ.

ಲೆಕ್ಕ ನಿಮಗೂ ಗೊತ್ತಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರೋ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45. ಅಂಗಡಿ ಬೀದಿಗೆ 65 ಮತ್ತು 55. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಖಾಸಗಿ ಜಾಗವಾದರೆ ಅದರ ಗಡಿಯಲ್ಲಿ ಇದಕ್ಕಿಂತ 5 ಜಾಸ್ತಿಗೆ ಅವಕಾಶ ಇದೆ, ಅದು 2010ರ ತಿದ್ದುಪಡಿ. ಅಂದರೆ ಬಡಾವಣೆಯೊಳಗಿನ ಛತ್ರದ ಕಾಂಪೌಂಡ್ ಹತ್ತಿರ ಹಗಲು 60. ನನ್ನ ಹಳೇ ಸೆಟಪ್ಪಿನಲ್ಲಿ ಅಲ್ಲಿ 74, 75 ಬರುತ್ತಿತ್ತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ವಾಲ್ಯೂಮ್ ಇಳಿಸಿದೆ. ಹಿಂದಿನ ಸಾಲಿನಲ್ಲಿ ಕೂತ ಹೆಣ್ಣಿನ ಸೋದರಮಾವ ಎದ್ದು ಬಂದು "ಏನಪ್ಪಾ, ಮದುವೆಗೆ ಬಂದೀಯೋ ತಿಥಿಗೆ ಬಂದೀಯೋ" ಅಂದರು. ಅತ್ತ ಹೋಗಿ ಬರೋದರಲ್ಲಿ ಮದುವೆಗೆ ಬಂದ ಹುಡುಗರು ಗೇನ್, ಅಂದರೆ ಸದ್ದು ಏರಿಸೋ ನಾಬ್, ಪೂರ್ತಿ ತಿರುಗಿಸಿದ್ದರು. ನಾಬ್ ಕಿತ್ತು ಜೇಬಿಗೆ ಹಾಕಿಕೊಂಡೆ, ಇಕ್ಕಳ ತಂದು ತಿರುಗಿಸಿದರು! ಎರಡು ಆರ್ಡರ್ ಕೈ ಬಿಟ್ಟವು.

ಆಮೇಲೆ ಥರ್ಮಾಕೋಲ್ ಹುಚ್ಚು. ಯಾರೋ ಹೇಳಿದರು ಅಂತ ಮಂಡಿಪೇಟೆಯಿಂದ ಆರು ಸಾವಿರದ ಶೀಟ್ ತಂದು ಕಿಟಕಿಗಳಿಗೆ ಕಟ್ಟಿದೆ. ಹೊರಗೆ ಬಂದು ನೋಡಿದರೆ ಸದ್ದು ಅಳೆಯೋ ಮೀಟರ್ ಒಂದೇ ಒಂದು ಡೆಸಿಬೆಲ್ ಇಳಿದಿತ್ತು. ತೂಕ ಇಲ್ಲದ ಸಾಮಾನು ಸದ್ದು ತಡೆಯೋದಿಲ್ಲ, ಅಷ್ಟೇ. ಆ ಶೀಟ್ ನಮ್ಮ ಬೀದಿ ಗಣಪತಿ ಮಂಟಪಕ್ಕೆ ಹೋಯಿತು, ಪುಣ್ಯ ಬಂತು ಅಂದುಕೊಂಡೆ.

ಮೀಟರ್ ವಿಷಯಕ್ಕೆ ಒಂದು ಮಾತು. ಮೊಬೈಲ್ ಆ್ಯಪ್ ನಂಬಬೇಡಿ. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿರೋ ಗೆಳೆಯನ ಮೀಟರ್ ಪಕ್ಕ ಇಟ್ಟು ನೋಡಿದೆ, ನನ್ನ ಫೋನು ಏಳೆಂಟು ಕಡಿಮೆ ತೋರಿಸುತ್ತಿತ್ತು. ಮೂರೂವರೆ ಸಾವಿರ ಕೊಟ್ಟು ಬೇರೆ ಮೀಟರ್ ತಗೊಂಡೆ.

ದಾರಿ ಸಿಕ್ಕಿದ್ದು ಊಟದ ಹಾಲಿನಲ್ಲಿ. ಅಲ್ಲಿ ಹಳೇ ಎಂಟಿಂಚಿನ ಪುಟ್ಟ ಸ್ಪೀಕರ್ ಬಾಕ್ಸ್ ಒಂದು ಕಂಬಕ್ಕೆ ಕಟ್ಟಿದ್ದೆ. ಎಲೆ ಮುಂದೆ ಕೂತವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಬಾಗಿಲಾಚೆ ಏನೂ ಇಲ್ಲ. ಎಪ್ಪತ್ತು ಅಡಿ ದೂರದ ಕೊನೇ ಸಾಲಿಗೆ ಮುಟ್ಟಿಸೋಕೆ ಸ್ಟೇಜಿನ ಮೇಲೆ ಎರಡು ದೊಡ್ಡ ಟಾಪ್ ಸ್ಪೀಕರ್ ಇಟ್ಟು ಕೂಗಿಸುತ್ತೇವಲ್ಲ, ಆ ಕೂಗು ಸೀದಾ ಮುಂಬಾಗಿಲಿನಿಂದ ಎದುರು ಮನೆಗೆ ಹೋಗುತ್ತದೆ. ಅದರ ಬದಲು ಎಂಟು ಸಣ್ಣ ಬಾಕ್ಸನ್ನು ಹತ್ತು-ಹನ್ನೆರಡು ಅಡಿ ಎತ್ತರಕ್ಕೆ ಕಟ್ಟಿದೆ, ಮುಖ ಜನರ ತಲೆ ಕಡೆಗೆ ಬಾಗಿಸಿ. ಬಾಗಿಲ ಕಡೆ ಬೆನ್ನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದೆ, ಒಂದಕ್ಕೆ ಎರಡೂಕಾಲು ಸಾವಿರ ಇರಬೇಕು. ವೈರ್, ಕ್ಲಾಂಪ್, ಡಿಲೇ (ಸದ್ದನ್ನು ಕೊಂಚ ತಡವಾಗಿ ಬಿಡೋದು) ಇರೋ ಪ್ರೊಸೆಸರ್ ಎಲ್ಲ ಸೇರಿ ಐವತ್ತು ಸಾವಿರ ದಾಟಿತು. ಮನೆಯಲ್ಲಿ ಒಂದು ವಾರ ಮಾತಿಲ್ಲ.

ಮೊದಲ ಮದುವೆಯಲ್ಲಿ ಡಿಲೇ ಹಾಕದೆ ಬಿಟ್ಟು ಮಾನ ಹೋಯಿತು. ಪುರೋಹಿತರ ಮಂತ್ರ ಸ್ಟೇಜಿನಿಂದ ಒಂದು ಸಲ, ಹಿಂದಿನ ಬಾಕ್ಸಿನಿಂದ ಇನ್ನೊಂದು ಸಲ. ಅವರು ನಿಲ್ಲಿಸಿ ನನ್ನ ಕಡೆ ನೋಡಿ "ತಾಳಿನೂ ಎರಡು ಸಲ ಕಟ್ಟಿಸಬೇಕೇನಯ್ಯಾ?" ಅಂದರು. ಹಾಲಿಗೆ ಹಾಲೇ ನಕ್ಕಿತು. ಸ್ಟೇಜಿನಿಂದ ಬಾಕ್ಸ್ ಎಷ್ಟು ದೂರವೋ, ಮೀಟರ್ ದೂರಕ್ಕೆ ಮೂರು ಮಿಲಿಸೆಕೆಂಡ್ ತಡ ಅಂತ ನಿಮಗೆ ಗೊತ್ತು. ನಾನು ಅದಕ್ಕೆ ಇನ್ನೊಂದಿಷ್ಟು ಸೇರಿಸುತ್ತೇನೆ, ಆಗ ಸದ್ದು ಸ್ಟೇಜಿನಿಂದಲೇ ಬಂದಂತೆ ಅನಿಸುತ್ತದೆ. ಎಷ್ಟು ಅಂತ ಇಲ್ಲಿ ಹೇಳೋದಿಲ್ಲ, ಹೊಟ್ಟೆಪಾಡು ಸ್ವಾಮಿ.

ಎಂಟು ಬಾಕ್ಸ್ ಹಾಕಿದ ಮೇಲೆ ಕಾಂಪೌಂಡಿನಲ್ಲಿ 62 ಬಂತು. 60ರ ಮೇಲಿನ ಆ ಎರಡು ಡೆಸಿಬೆಲ್ ಬೇಸ್ ಬಾಕ್ಸಿನದು, ಅಂದರೆ ಧಿಂ ಅನ್ನೋ ತಗ್ಗು ಸದ್ದಿನದು. ಬೇಸ್ ಗೋಡೆ ದಾಟಿ ಹೋಗುತ್ತೆ, ಮೀಟರ್ ಎ ವೇಟಿಂಗ್‌ನಲ್ಲಿದ್ದರೆ (ನಮ್ಮ ಕಿವಿಗೆ ಕೇಳೋ ಲೆಕ್ಕದಲ್ಲಿ ಅಳೆಯೋ ಕ್ರಮ) ಅದನ್ನು ಪೂರ್ತಿ ತೋರಿಸೋದೂ ಇಲ್ಲ. ನಂಬರ್ ಸರಿ ಇದ್ದರೂ ಪಕ್ಕದ ಮನೆ ಸ್ಟೀಲ್ ಪಾತ್ರೆ ಗಿರ್ ಅನ್ನುತ್ತಿರುತ್ತೆ. ತೀರಾ ತಗ್ಗು ಸದ್ದು ಕತ್ತರಿಸೋ ಹೈಪಾಸ್ ಫಿಲ್ಟರ್ ಏರಿಸಿದೆ, ಒಂದು ಬೇಸ್ ಬಾಕ್ಸನ್ನು ಹಿಂದುಮುಂದಾಗಿ ಇಟ್ಟೆ, ಅದರ ವೈರಿಂಗೂ ನನ್ನ ಹತ್ತಿರವೇ ಇರಲಿ. 58, 59ಕ್ಕೆ ಬಂದು ನಿಂತಿತು.

ಸೌಂಡ್ ಏರಿಸೋಕೆ ಬರೋ ಹುಡುಗರನ್ನ ಸಂಭಾಳಿಸೋಕೆ ಮಾತ್ರ ಒಂದು ಉಪಾಯ ಬಿಟ್ಟುಕೊಡುತ್ತೇನೆ. ಮಿಕ್ಸರಿನಲ್ಲಿ ಖಾಲಿ ಚಾನೆಲ್ಲಿಗೆ ಟೇಪ್ ಅಂಟಿಸಿ ‘ಫುಲ್ ಬೇಸ್’ ಅಂತ ಬರೆದಿಡಿ. ಮದುಮಗನ ಗೆಳೆಯರು ಅದನ್ನ ಮೇಲಕ್ಕೆ ತಳ್ಳಿ, ತಲೆ ಆಡಿಸಿ, "ಈಗ ನೋಡ್ರಿ" ಅಂತ ಖುಷಿಯಾಗಿ ಹೋಗುತ್ತಾರೆ. ಆ ಚಾನೆಲ್ಲಿಗೆ ವೈರೇ ಇಲ್ಲ.

ಅಶೋಕ ರಸ್ತೆಯಲ್ಲಿ ಒಬ್ಬ ಬಟ್ಟೆ ಅಂಗಡಿಯವರು ಆಫರ್ ಕೂಗಿಸೋಕೆ ಕರೆದಿದ್ದರು, ಅಲ್ಲೂ ಪ್ರಯತ್ನ ಮಾಡಿದೆ. ಅಲ್ಲಿ ಕಥೆಯೇ ಬೇರೆ. ನಮ್ಮ ಸ್ಪೀಕರ್ ಆಫ್ ಇದ್ದಾಗಲೇ ಆಟೋ, ಬಸ್ಸಿನ ಹಾರ್ನಿಗೆ ಮೀಟರ್ 72! ಅದರ ಮೇಲೆ ಕೂಗಿಸಿದರೆ ಯಾರಿಗೆ ಕೇಳುತ್ತೆ? ಬೀದಿ ಕಡೆ ಇದ್ದ ಹಾರ್ನ್ ಸ್ಪೀಕರ್ ಇಳಿಸಿ, ಒಳಗೆ ಬಾಗಿಲ ಮೇಲೆ ಸಣ್ಣ ಬಾಕ್ಸ್, ಮುಖ ಕೌಂಟರ್ ಕಡೆ. ಮಾಲೀಕರು ಮುಖ ಸಿಂಡರಿಸಿದರು. ತಿಂಗಳಾದ ಮೇಲೆ ಸೇಲ್ಸ್ ಹುಡುಗಿಯರೇ ಇದು ಬೇಕು ಅಂದರಂತೆ, ಅವರ ತಲೆನೋವು ಕಡಿಮೆಯಾಗಿತ್ತು. ನನಗೆ ಸಿಕ್ಕಿದ್ದು ಎಂಟುನೂರು ರೂಪಾಯಿ.

ರಾತ್ರಿ ಹತ್ತಾದ ಮೇಲೆ ನಾನು ಹಾಕೋದೇ ಇಲ್ಲ. ಬೆಳಗಿನ ಜಾವ ಐದರ ಮುಹೂರ್ತ ಇದ್ದರೂ ಲೆಕ್ಕಕ್ಕೆ ಅದು ರಾತ್ರಿಯೇ. ಓಲಗದವರಿಗೆ ಮೈಕ್ ಕೊಡೋದಿಲ್ಲ, ಕಿಟಕಿ ಬಾಗಿಲು ಮುಚ್ಚಿಸುತ್ತೇನೆ. ಓಲಗಕ್ಕೆ ಮೈಕ್ ಬೇಕಾದರೂ ಯಾಕೆ ಅಲ್ವಾ?

ಇಷ್ಟೆಲ್ಲ ಮಾಡಿ ಒಂದು ಸಂಜೆ ಹಾಡು ನಿಲ್ಲಿಸಿ ಕಾಂಪೌಂಡಿಗೆ ಹೋದೆ. ಮೀಟರ್ 66. ಮತ್ತೆ ನೋಡಿದೆ, 66. ಸೌಂಡ್ ಆಫ್, ಜನ ಊಟಕ್ಕೆ ಹೋಗಿದ್ದಾರೆ. ತಿರುಗಿ ನೋಡಿದರೆ ಹಿಂದೆ ನನ್ನದೇ ಹಳೇ ಜನರೇಟರ್ ಗುಡುಗುತ್ತಿದೆ. ಹೊಸ ಡೀಸೆಲ್ ಜನರೇಟರ್‌ಗಳಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮಿತಿ, ಕವಚದ ಜೊತೆಗೇ ಬರುತ್ತವೆ. ನನ್ನದು ಬೋಳು. ಪ್ಲೈವುಡ್ ಪೆಟ್ಟಿಗೆ ಮಾಡಿಸಿ ಮುಚ್ಚಿದೆ, ಗಾಳಿ ಸಾಲದೆ ಕಾದು ಧಾರೆ ಎರೆಯೋ ಹೊತ್ತಿಗೆ ಸರಿಯಾಗಿ ನಿಂತಿತು. ಎರಡನೇ ಪೆಟ್ಟಿಗೆಗೆ ಫ್ಯಾನ್, ಒಳಗೆ ಅಡ್ಡಡ್ಡ ಹಲಗೆ, ಗಾಳಿ ಸುತ್ತಿ ಹೊರಗೆ ಬರೋ ಹಾಗೆ. ಸದ್ದು ಇಳಿದಿದೆ, ಕಾಯೋದಿಲ್ಲ. ತೂಕ ಮಾತ್ರ ತೊಂಬತ್ತು ಕೆಜಿ ಹತ್ತಿರ ಹೋಗಿದೆ, ಟೆಂಪೋಗೆ ಏರಿಸೋಕೆ ನಾಲ್ಕು ಜನ ಬೇಕು. ಬಡಗಿಗೆ ಚಕ್ರ ಹಾಕೋಕೆ ಹೇಳಿದ್ದೇನೆ, ಅವನು ಇನ್ನೂ ಹದಿನೈದುನೂರು ಕೇಳುತ್ತಿದ್ದಾನೆ.