ಮೇಲೆ ಮೂಲ, ಕೆಳಗೆ ಪ್ರೂಫ್

ಎಂಟು ವರ್ಷದ ಹಿಂದೆ ನಾನು ಪ್ರೂಫ್ ನೋಡಿದ, ಅಂದರೆ ಅಚ್ಚಿಗೆ ಹೋಗುವ ಮುಂಚೆ ಮೂಲದ ಜೊತೆ ಹೋಲಿಸಿ ತಪ್ಪು ತಿದ್ದಿದ, ಒಂದು ಪುಸ್ತಕದಲ್ಲಿ ಎರಡು ಸಾಲು ಬಿಟ್ಟುಹೋಯಿತು. ನಿವೃತ್ತ ಮೇಷ್ಟ್ರೊಬ್ಬರು ಬರೆದ ಆತ್ಮಕಥನ ಅದು. ಊರಿನ ಕೆರೆ ಒಡೆದ ವರ್ಷದ ಬಗ್ಗೆ ಬರೆದ ಕಡೆ ಒಂದು ಸಾಲು ‘ಕೆರೆಯ ಏರಿ’ ಅಂತ ಮುಗಿಯುತ್ತಿತ್ತು. ಅದರಿಂದ ಎರಡು ಸಾಲು ಕೆಳಗೆ ಇನ್ನೊಂದು ಸಾಲೂ ಅದೇ ಮಾತಿನಿಂದ ಮುಗಿಯುತ್ತಿತ್ತು. ಟೈಪ್ ಮಾಡಿದವರ ಕಣ್ಣು ಮೊದಲ ಏರಿಯಿಂದ ಎರಡನೆಯ ಏರಿಗೆ ಹಾರಿತು. ಪ್ರೂಫ್ ನೋಡಿದ ನನ್ನ ಕಣ್ಣೂ ಹಾರಿತು. ಪುಸ್ತಕ ಬಂದ ಮೇಲೆ ಮೇಷ್ಟ್ರು ಫೋನ್ ಮಾಡಿ, “ಹೋಗ್ಲಿ ಬಿಡಿಯಮ್ಮ, ಓದೋರಿಗೆ ಗೊತ್ತಾಗಲ್ಲ” ಅಂದರು. ನನಗೆ ಗೊತ್ತಿತ್ತಲ್ಲ. ಇವತ್ತಿಗೂ ಆ ಪುಟ ನೆನಪಾದರೆ ಹೊಟ್ಟೆಯೊಳಗೆ ಏನೋ ಚುಚ್ಚಿದ ಹಾಗಾಗುತ್ತದೆ.

ಟ್ಯಾಬ್‌ನಲ್ಲಿ ಎರಡು ಆಪ್ ಒಟ್ಟಿಗೆ ಇಟ್ಟುಕೊಂಡು ಕೆಲಸ ಮಾಡುವುದನ್ನು ನಾನು ಇಷ್ಟು ಹಟ ಹಿಡಿದು ಕಲಿತದ್ದು ಆ ಎರಡು ಸಾಲಿನಿಂದಾಗಿ.

ಮೊದಲು ನನ್ನ ಕೆಲಸ ಹೀಗೆ ನಡೆಯುತ್ತಿತ್ತು. ಎಡಕ್ಕೆ ಲೇಖಕರ ಹಸ್ತಪ್ರತಿಯ ಜೆರಾಕ್ಸ್, ಬಲಕ್ಕೆ ಡಿಟಿಪಿಯಿಂದ, ಅಂದರೆ ಕಂಪ್ಯೂಟರ್‌ನಲ್ಲಿ ಪುಟ ಕಟ್ಟುವವರಿಂದ, ಬಂದ ಪ್ರಿಂಟ್. ಓದುವ ಸಾಲಿನ ಕೆಳಗೆ ಒಂದು ಹಳೆಯ ಪೋಸ್ಟ್‌ಕಾರ್ಡ್ ಇಟ್ಟು, ಒಂದೊಂದೇ ಸಾಲು ಜರುಗಿಸುತ್ತಾ ಓದುವುದು. ಹಳೆಯ ಮುದ್ರಣಾಲಯಗಳಲ್ಲಿ ಈ ಕೆಲಸಕ್ಕೆ ಇಬ್ಬರು ಕೂರುತ್ತಿದ್ದರು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫ್ ನೋಡಿ ತಿದ್ದುವುದು. ಮನೆಯಲ್ಲಿ ಕೂತು ಒಬ್ಬಳೇ ಮಾಡುವ ನನಗೆ ಆ ಎರಡನೆಯ ಮನುಷ್ಯ ಇಲ್ಲ.

ನಾಲ್ಕು ವರ್ಷದ ಹಿಂದೆ 10.4 ಇಂಚಿನ ಒಂದು ಆಂಡ್ರಾಯ್ಡ್ ಟ್ಯಾಬ್ ಕೊಂಡೆ, ಪೆನ್ ಇರುವಂಥದ್ದು. ಮೊದಲ ಎರಡು ತಿಂಗಳು ಅದರಿಂದ ಕೆಲಸ ನಿಧಾನವೇ ಆಯಿತು. ಹಸ್ತಪ್ರತಿಯ ಪಿಡಿಎಫ್ ತೆರೆದು ಒಂದು ವಾಕ್ಯ ಓದುವುದು, ಆಮೇಲೆ ಪ್ರೂಫ್ ಇರುವ ಆಪ್‌ಗೆ ಹೋಗುವುದು, ಮತ್ತೆ ವಾಪಸ್ ಬರುವುದು. ಆಪ್ ಬದಲಿಸಲು ಒಂದು ಕ್ಷಣ ಸಾಕು, ನಿಜ. ಆದರೆ ವಾಪಸ್ ಬಂದಾಗ ಕಣ್ಣಿಗೆ ಆ ಸಾಲು ಸಿಗುವುದಿಲ್ಲ. ಹುಡುಕಬೇಕು. ಹುಡುಕುವಾಗಲೇ ಅದೇ ಪದವಿರುವ ಬೇರೆ ಸಾಲಿಗೆ ಕಣ್ಣು ಹೋಗಿ ಕೂರುತ್ತದೆ. ಕೆರೆಯ ಏರಿಯಲ್ಲಿ ಆದದ್ದು ಇದೇ ಅಲ್ವಾ? ಹೋಲಿಸಬೇಕಾದ ಎರಡು ವಸ್ತುಗಳು ಒಂದೇ ಹೊತ್ತಿಗೆ ಕಣ್ಣ ಮುಂದೆ ಇರಲೇಬೇಕು. ನನ್ನ ಕೆಲಸಕ್ಕೆ ಸ್ಪ್ಲಿಟ್ ಸ್ಕ್ರೀನ್, ಅಂದರೆ ಪರದೆಯನ್ನು ಎರಡು ಆಪ್‌ಗೆ ಭಾಗ ಮಾಡುವುದು, ಬೇಕಾದದ್ದು ಇದಕ್ಕೇ.

ಪರದೆ ಭಾಗ ಮಾಡುವುದು ಕಷ್ಟವೇನಲ್ಲ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದಲೇ ಈ ಸೌಲಭ್ಯ ಇದೆ. ಇತ್ತೀಚೆಗೆ ತೆರೆದ ಆಪ್‌ಗಳು ಸಾಲಾಗಿ ಕಾಣುವ ಪರದೆಗೆ ಹೋಗಿ, ಆಪ್‌ನ ಮೇಲಿರುವ ಚಿಕ್ಕ ಐಕಾನ್ ಮುಟ್ಟಿದರೆ ಸ್ಪ್ಲಿಟ್ ಸ್ಕ್ರೀನ್ ಅನ್ನುವ ಆಯ್ಕೆ ಬರುತ್ತದೆ. ಅದನ್ನು ಒತ್ತಿ ಎರಡನೆಯ ಆಪ್ ಆರಿಸಬೇಕು. 2022ರ ಆಂಡ್ರಾಯ್ಡ್ 12ಎಲ್ ಬಂದ ಮೇಲೆ ದೊಡ್ಡ ಪರದೆಗಳಿಗೆ ಕೆಳಗೆ ಒಂದು ಟಾಸ್ಕ್‌ಬಾರ್ ಬಂತು. ಅಲ್ಲಿಂದ ಐಕಾನನ್ನು ಬೆರಳಲ್ಲಿ ಎಳೆದು ಪರದೆಯ ಅಂಚಿಗೆ ಬಿಟ್ಟರೂ ಆಯಿತು.

ನಾನು ಒದ್ದಾಡಿದ್ದು ಇದಾದ ಮೇಲೆ.

ಎಲ್ಲರ ಹಾಗೆ ನಾನೂ ಟ್ಯಾಬನ್ನು ಅಡ್ಡ ಇಟ್ಟು, ಎಡಕ್ಕೊಂದು ಬಲಕ್ಕೊಂದು ತೆರೆದೆ. ಅಕ್ಷರ ತೀರಾ ಸಣ್ಣದಾಯಿತು. ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯ ಆಚೆ ಹೋಗುತ್ತದೆ. ಆಗ ಸಾಲು ಓದಲು ಪಕ್ಕಕ್ಕೂ ಸರಿಸಬೇಕು, ಕೆಳಕ್ಕೂ ಸರಿಸಬೇಕು. ಕನ್ನಡದ ಪ್ರೂಫ್‌ನಲ್ಲಿ ಅಕ್ಷರ ಸಣ್ಣದಾದರೆ ಕೆಲಸ ಕೆಟ್ಟಂತೆಯೇ. ಘ ಯಾವುದು, ಫ ಯಾವುದು? ದ, ಧ, ಥ ಮೂರರಲ್ಲಿ ಹೊಟ್ಟೆಯೊಳಗೆ ಚುಕ್ಕೆ ಇದೆಯಾ, ಕೆಳಗೆ ಸೀಳಿದೆಯಾ? ಒತ್ತಕ್ಷರ ಮೇಲಿನ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ. ತಪ್ಪುಗಳು ಅಡಗಿ ಕೂರುವುದು ಅಲ್ಲೇ.

ಒಂದು ದಿನ ಸುಮ್ನೆ ಸ್ಕೇಲ್ ತಗೊಂಡು ಅಳೆದೆ. ನನ್ನ ಟ್ಯಾಬ್‌ನ ಪರದೆ ಉದ್ದಕ್ಕೆ ಸುಮಾರು 8.9 ಇಂಚು, ಅಗಲಕ್ಕೆ 5.3 ಇಂಚು ಚಿಲ್ಲರೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ 1/8 ಡೆಮಿ ಅಳತೆ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದ. ಅಡ್ಡ ಇಟ್ಟು ಎರಡು ಭಾಗ ಮಾಡಿದರೆ ಒಂದೊಂದು ಭಾಗಕ್ಕೆ ನಾಲ್ಕೂವರೆ ಇಂಚೂ ಸಿಗುವುದಿಲ್ಲ. ಅದೇ ಟ್ಯಾಬನ್ನು ನೆಟ್ಟಗೆ ಹಿಡಿದು ಮೇಲೆ ಕೆಳಗೆ ಭಾಗ ಮಾಡಿದರೆ? ಪುಸ್ತಕದ ಪುಟ ಹೆಚ್ಚುಕಡಿಮೆ ತನ್ನ ನಿಜವಾದ ಅಗಲದಲ್ಲೇ ಕಾಣುತ್ತದೆ. ಅಂಚಿನ ಖಾಲಿ ಜಾಗ ಹೊರಗೆ ಹೋಗುವಷ್ಟು ಹಿಗ್ಗಿಸಿದರೆ ಅಕ್ಷರ ಅಚ್ಚಿನದಕ್ಕಿಂತ ದೊಡ್ಡದೇ ಆಗುತ್ತದೆ. ಪುಟದ ಅರ್ಧದಷ್ಟೇ ಕಾಣುತ್ತದೆ, ಹೌದು. ಆದರೆ ನಾನು ಒಂದು ಹೊತ್ತಿಗೆ ಓದುವುದು ಒಂದೇ ಸಾಲು.

ಅವತ್ತು ಟ್ಯಾಬ್ ತಿರುಗಿಸಿದ್ದೇ ನನ್ನ ಕೆಲಸದಲ್ಲಿ ಆದ ದೊಡ್ಡ ಬದಲಾವಣೆ. ಮೇಲೆ ಹಸ್ತಪ್ರತಿ, ಕೆಳಗೆ ಪ್ರೂಫ್. ಹೋಲಿಸುವ ಸಾಲುಗಳು ಒಂದರ ಕೆಳಗೊಂದು ಬರುತ್ತವೆ. ಕಣ್ಣು ಪಕ್ಕಕ್ಕೆ ಜಿಗಿಯುವ ಬದಲು ನೇರ ಕೆಳಗೆ ಇಳಿಯುತ್ತದೆ.

ಇನ್ನೊಂದು ವಿಷಯ ತಿಂಗಳುಗಟ್ಟಲೆ ಆದ ಮೇಲೆ ಹೊಳೆಯಿತು. ಎರಡರ ನಡುವಿನ ಗೆರೆಯನ್ನು ಅರ್ಧಕ್ಕೇ ಬಿಡಬೇಕಾಗಿಲ್ಲ. ಅದನ್ನು ಬೆರಳಲ್ಲಿ ಮೇಲಕ್ಕೆ ಎಳೆದರೆ ಹಸ್ತಪ್ರತಿಯ ನಾಲ್ಕೈದು ಸಾಲು ಮಾತ್ರ ಕಾಣುವಷ್ಟು ಪಟ್ಟಿ ಉಳಿಯುತ್ತದೆ. ಉಳಿದ ಬರಹ ಮರೆಯಾಗುತ್ತದೆ. ನಾನು ಕಾಗದದ ಮೇಲೆ ಪೋಸ್ಟ್‌ಕಾರ್ಡ್ ಇಡುತ್ತಿದ್ದದ್ದೂ ಇದಕ್ಕೇ ತಾನೆ? ಕಾಣುವುದು ಕಡಿಮೆ ಆದಷ್ಟೂ ಕಣ್ಣಿಗೆ ಹಾರಲು ಜಾಗ ಕಡಿಮೆ. ಕೆಳಗಿನ ಭಾಗ ದೊಡ್ಡದಾದ್ದರಿಂದ ಪೆನ್ನಿನಲ್ಲಿ ತಿದ್ದಲೂ ಅಂಚಿನಲ್ಲಿ ಗುರುತು ಹಾಕಲೂ ಜಾಗ ಸಿಗುತ್ತದೆ.

ಮೂರು ಆಪ್ ಒಟ್ಟಿಗೆ ಇಟ್ಟೂ ನೋಡಿದೆ. ಮೂರನೆಯದರಲ್ಲಿ ನಿಘಂಟು. ಒಂದು ವಾರದಲ್ಲಿ ಬಿಟ್ಟೆ. ನಿಘಂಟು ಬೇಕಾಗುವುದು ಪುಟಕ್ಕೊಂದು ಸಲವೋ ಎರಡು ಸಲವೋ. ಅದಕ್ಕೆ ಇಡೀ ದಿನ ಪರದೆಯ ಮೂರನೇ ಒಂದು ಪಾಲು ಕೊಡುವುದು ಜಾಗದ ದಂಡ. ಎರಡು ನಿಲ್ಲಬೇಕು, ಮೂರನೆಯದು ಕರೆದಾಗ ಬಂದು ಹೋಗಬೇಕು. ಹಾಗಾಗಿ ನಿಘಂಟಿಗೆ ತೇಲುವ ಪುಟ್ಟ ವಿಂಡೋ ಬಳಸುತ್ತೇನೆ. ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲಿ ಇದಕ್ಕೆ ಪಾಪ್‌ಅಪ್ ವ್ಯೂ ಅನ್ನುತ್ತಾರೆ. ಬ್ರೌಸರ್‌ನಲ್ಲಿ ಅಲರ್ ನಿಘಂಟು ತೆರೆದು, ಪದ ನೋಡಿ, ವಿಂಡೋವನ್ನು ಕುಗ್ಗಿಸಿದರೆ ಅದು ಮೂಲೆಯಲ್ಲೊಂದು ಗುಂಡು ಐಕಾನ್ ಆಗಿ ಕಾಯುತ್ತದೆ. ವಿ. ಕೃಷ್ಣ ಅವರು ಒಬ್ಬರೇ ಕೂತು ವರ್ಷಗಟ್ಟಲೆ ಕಟ್ಟಿದ ನಿಘಂಟು ಅಲರ್. ಅದನ್ನು ಯಾರು ಬೇಕಾದರೂ ಬಳಸುವ ಹಾಗೆ ಮುಕ್ತವಾಗಿ ಕೊಟ್ಟಿದ್ದಾರೆ. ಅಲ್ಲಿ ಸಿಗದಿದ್ದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣಕ್ಕೆ ಹೋಗುತ್ತೇನೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಕಪಾಟಿನಲ್ಲೇ ಇದೆ. ಜಗಳದ ಪದ ಬಂದಾಗ ಕೊನೆಯ ತೀರ್ಪು ಅದರದ್ದೇ. ಆಗ ಎದ್ದು ಹೋಗಿ ಸಂಪುಟ ಇಳಿಸುತ್ತೇನೆ, ಅದರಲ್ಲಿ ನನಗೆ ಬೇಸರವಿಲ್ಲ.

ಪ್ರೂಫ್‌ನಿಂದ ಪದವನ್ನು ಕಾಪಿ ಮಾಡಿ ನಿಘಂಟಿಗೆ ಅಂಟಿಸಲು ಹೋಗಿ ಮೊದಮೊದಲು ಗಾಬರಿಯಾಗಿತ್ತು. ಪರದೆಯಲ್ಲಿ ಚೆಂದದ ಕನ್ನಡ, ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು. ಪುಟ ಹಳೆಯ ಆಸ್ಕಿ ಫಾಂಟ್‌ನಲ್ಲಿ ಕಟ್ಟಿದ್ದಾಗಿದ್ದರೆ ಹೀಗಾಗುತ್ತದೆ. ಅಲ್ಲಿ ಕನ್ನಡದ ಆಕಾರ ಕಾಣುವುದು ಫಾಂಟ್‌ನಿಂದ ಮಾತ್ರ, ಒಳಗಿರುವ ಸಂಕೇತ ಕನ್ನಡದ್ದಲ್ಲ. ಪಿಡಿಎಫ್‌ನಲ್ಲಿ ಫಾಂಟ್ ಜೊತೆಗೇ ಬರುವುದರಿಂದ ಕಾಣುವುದಕ್ಕೆ ತೊಂದರೆಯಿಲ್ಲ. ವರ್ಡ್ ಫೈಲ್ ಕಳಿಸಿದರೆ ಟ್ಯಾಬ್‌ನಲ್ಲಿ ಆ ಫಾಂಟ್ ಇರುವುದಿಲ್ಲ, ಇಡೀ ಪುಟ ಚಿಹ್ನೆಮಯ. ಹಾಗಾಗಿ ಡಿಟಿಪಿಯವರಿಗೆ ಪಿಡಿಎಫ್ ಕಳಿಸಿ ಅಂತಲೇ ಹೇಳುತ್ತೇನೆ. ಪದವನ್ನು ನಿಘಂಟಿನಲ್ಲಿ ಕೈಯಲ್ಲೇ ಟೈಪ್ ಮಾಡುತ್ತೇನೆ. ಆಗ ಕೀಬೋರ್ಡ್ ಎದ್ದು ಬಂದು ಕೆಳಗಿನ ಪ್ರೂಫನ್ನು ಮುಚ್ಚುತ್ತದೆ. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನಲ್ಲಿ ಕೀಬೋರ್ಡನ್ನು ತೇಲುವ ಹಾಗೆ ಮಾಡಿಕೊಳ್ಳಬಹುದು. ಅದನ್ನು ಸಣ್ಣದು ಮಾಡಿ ಬಲಮೂಲೆಗೆ ಇಟ್ಟಿದ್ದೇನೆ.

ಇನ್ನೊಂದು ತೊಡಕು: ಎರಡೂ ಪಿಡಿಎಫ್ ಆದಾಗ. ಕೆಲವು ಆಪ್‌ಗಳು ಒಂದೇ ಹೊತ್ತಿಗೆ ಎರಡು ವಿಂಡೋದಲ್ಲಿ ತೆರೆದುಕೊಳ್ಳುವುದಿಲ್ಲ. ಎರಡು ಬೇರೆ ಬೇರೆ ಆಪ್ ಬಳಸಿದರೆ ಆಯಿತು. ಹಸ್ತಪ್ರತಿಗೆ ಗೂಗಲ್ ಡ್ರೈವ್, ಅಲ್ಲಿ ನೋಡುವುದಷ್ಟೇ. ಪ್ರೂಫ್‌ಗೆ ಸ್ಯಾಮ್‌ಸಂಗ್ ನೋಟ್ಸ್, ತಿದ್ದುವುದೆಲ್ಲ ಅಲ್ಲಿ. ಇದರಿಂದ ಒಂದು ಲಾಭವೂ ಆಯಿತು. ಎರಡು ಆಪ್‌ನ ನೋಟವೇ ಬೇರೆ ಆದ್ದರಿಂದ ಯಾವುದು ಮೂಲ, ಯಾವುದು ಪ್ರೂಫ್ ಅನ್ನುವ ಗೊಂದಲ ಆಗುವುದಿಲ್ಲ.

ಆ ಗೊಂದಲ ಒಮ್ಮೆ ದುಬಾರಿಯಾಗಿತ್ತು. ಮೊದಲ ಪ್ರೂಫ್‌ನ ತಿದ್ದುಪಡಿ ಎರಡನೆಯದರಲ್ಲಿ ಬಂದಿದೆಯಾ ಅಂತ ನೋಡಲು ಎರಡನ್ನೂ ತೆರೆದಿದ್ದೆ. ಊಟಕ್ಕೆ ಎದ್ದು ಬಂದ ಮೇಲೆ ಮತ್ತೆ ತೆರೆದಾಗ ಅವು ಅದಲುಬದಲಾಗಿದ್ದವು. ನನಗೆ ತಿಳಿಯಲಿಲ್ಲ. ಹದಿನಾಲ್ಕು ಪುಟದ ಹೊಸ ತಿದ್ದುಪಡಿ ಹಳೆಯ ಪ್ರೂಫ್ ಮೇಲೆ ಬಿತ್ತು. ಎಲ್ಲ ಮತ್ತೆ ಮಾಡಬೇಕಾಯಿತು. ಅವತ್ತಿನಿಂದ ಒಂದೇ ನಿಯಮ: ಮೇಲೆ ಮೂಲ, ಕೆಳಗೆ ಪ್ರೂಫ್. ಎರಡು ಪ್ರೂಫ್ ಹೋಲಿಸುವಾಗ ಹಳೆಯದು ಮೇಲೆ, ಹೊಸದು ಕೆಳಗೆ. ಪೆನ್ ಮೇಲಿನ ಭಾಗವನ್ನು ಮುಟ್ಟುವಂತೆಯೇ ಇಲ್ಲ. ಎರಡು ಆಪ್‌ಗಳನ್ನು ಅದೇ ಕ್ರಮದಲ್ಲಿ ಜೋಡಿಯಾಗಿ ಉಳಿಸಿ ಹೋಮ್ ಸ್ಕ್ರೀನ್ ಮೇಲೆ ಇಟ್ಟಿದ್ದೇನೆ. ಸ್ಯಾಮ್‌ಸಂಗ್‌ನಲ್ಲಿ ನಡುಗೆರೆಯ ಚುಕ್ಕೆಗಳನ್ನು ಮುಟ್ಟಿದರೆ ಈ ಆಯ್ಕೆ ಸಿಗುತ್ತದೆ. 2024ರ ಆಂಡ್ರಾಯ್ಡ್ 15ರಿಂದ ಆಪ್ ಜೋಡಿ ಉಳಿಸುವುದು ಆಂಡ್ರಾಯ್ಡ್‌ನಲ್ಲೇ ಸೇರಿದೆ. ನೆನಪಿಡಿ, ಜೋಡಿ ತೆರೆಯುವುದು ಆಪ್‌ಗಳನ್ನು. ಸರಿಯಾದ ಫೈಲ್ ತೆರೆದಿದೆಯಾ ಅಂತ ನಾವೇ ನೋಡಬೇಕು. ನಾನು ಫೈಲ್ ಹೆಸರಿನ ಮೊದಲಲ್ಲೇ ಮೂಲ, ಪ್ರೂಫ್1, ಪ್ರೂಫ್2 ಅಂತ ಬರೆಯುತ್ತೇನೆ.

ಪೆನ್ನಿಗೂ ಬೆರಳಿಗೂ ಕೆಲಸ ಹಂಚಿಕೊಟ್ಟಿದ್ದೇನೆ. ನೋಟ್ಸ್‌ನಲ್ಲಿ ಬೆರಳಿಂದ ಬರೆಯುವುದನ್ನು ನಿಲ್ಲಿಸಿಟ್ಟರೆ ಬೆರಳು ಪುಟ ಸರಿಸಲು ಮಾತ್ರ, ಪೆನ್ ಬರೆಯಲು ಮಾತ್ರ. ಎಡಗೈ ಹೆಬ್ಬೆರಳು ಮೇಲಿನ ಹಸ್ತಪ್ರತಿಯನ್ನು ಸರಿಸುತ್ತದೆ, ಬಲಗೈ ಕೆಳಗೆ ತಿದ್ದುತ್ತದೆ. ಎರಡೂ ತಾವಾಗಿ ಒಟ್ಟಿಗೆ ಸರಿಯುವುದಿಲ್ಲ. ಹಸ್ತಪ್ರತಿಯ 37ನೇ ಪುಟ ಪ್ರೂಫ್‌ನ 22ನೇ ಪುಟದ ನಡುವೆ ಶುರುವಾಗಬಹುದು. ಅಂಥ ಕಡೆ ಪ್ರೂಫ್‌ನ ಅಂಚಿನಲ್ಲಿ ನೀಲಿ ಬಣ್ಣದಲ್ಲಿ ಹಸ್ತಪ್ರತಿಯ ಪುಟಸಂಖ್ಯೆ ಬರೆಯುತ್ತೇನೆ. ಕೆಂಪು ತಿದ್ದುಪಡಿಗೆ, ಹಸಿರು ಲೇಖಕರನ್ನು ಕೇಳಬೇಕಾದ್ದಕ್ಕೆ. ನಾಳೆ ಬೆಳಗ್ಗೆ ಎಲ್ಲಿ ಶುರು ಮಾಡಬೇಕು ಅಂತ ಹುಡುಕುವ ಕೆಲಸ ಉಳಿಯುವುದಿಲ್ಲ.

ಟ್ಯಾಬನ್ನು ನೆಟ್ಟಗೆ ನಿಲ್ಲಿಸುವುದು ಹೇಗೆ? ಅಂಗಡಿಯಲ್ಲಿ ಸಿಕ್ಕ ಕವರ್ ಅಡ್ಡಕ್ಕೆ ಮಾತ್ರ ನಿಲ್ಲುತ್ತಿತ್ತು. ನಮ್ಮ ಅಜ್ಜ ಭಾರತ ಓದುತ್ತಿದ್ದ ಮರದ ವ್ಯಾಸಪೀಠ ಅಟ್ಟದಲ್ಲಿತ್ತು. ಒರೆಸಿ ತಂದು ಮೇಜಿನ ಮೇಲೆ ಇಟ್ಟೆ. ಅದರ ಇಳಿಜಾರಿನಲ್ಲಿ ಟ್ಯಾಬ್ ಅಲುಗಾಡದೆ ಕೂರುತ್ತದೆ, ಬರೆಯುವಾಗ ಒತ್ತಿದರೂ ಜಾರುವುದಿಲ್ಲ. ಕತ್ತು ನೋವು ಕಡಿಮೆಯಾಯಿತು.

ಐಪ್ಯಾಡ್ ಇರುವವರು ನನ್ನನ್ನು ಕೇಳುತ್ತಾರೆ. ಅಲ್ಲಿ 2015ರಿಂದಲೂ ಸ್ಪ್ಲಿಟ್ ವ್ಯೂ ಇತ್ತು, ಆದರೆ ಎಡ ಬಲಕ್ಕೆ ಮಾತ್ರ. 2025ರ ಐಪ್ಯಾಡ್‌ಒಎಸ್ 26ರಲ್ಲಿ ವಿಂಡೋಗಳನ್ನು ಬೇಕಾದ ಅಳತೆಗೆ ಎಳೆದು ಬೇಕಾದ ಕಡೆ ಇಡಬಹುದು. ಮೇಲೆ ಕೆಳಗೆ ಇಟ್ಟು ನೋಡಿ ಅಂತ ಹೇಳುತ್ತೇನೆ.

ಒಂದು ಕೆಲಸವನ್ನು ಬೇಕಂತಲೇ ಟ್ಯಾಬ್‌ನಿಂದ ಹೊರಗೆ ಹಾಕಿದ್ದೇನೆ. ವಾಟ್ಸ್ಆ್ಯಪ್, ಕರೆ, ಮೇಲ್ ಯಾವುದೂ ಇದರಲ್ಲಿಲ್ಲ. ಪಕ್ಕದಲ್ಲಿರುವ ಫೋನ್‌ಗೆ ಇನ್ನೊಂದು ಕೆಲಸ ಕೊಟ್ಟಿದ್ದೇನೆ. ಒಳಗಿನ ಸಂಕೇತವೂ ಕನ್ನಡದ್ದೇ ಆಗಿರುವ ಯೂನಿಕೋಡ್‌ನಲ್ಲಿ ಟೈಪಾದ ಪುಸ್ತಕವಾದರೆ ಕೊನೆಯ ಸುತ್ತಿನಲ್ಲಿ ಅದರ ಪಠ್ಯವನ್ನು ಫೋನ್‌ಗೆ ಹಾಕಿ, ಸೆಲೆಕ್ಟ್ ಟು ಸ್ಪೀಕ್‌ನಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಗೂಗಲ್‌ನ ಧ್ವನಿ ಕನ್ನಡ ಓದುತ್ತದೆ. ನಾನು ಹಸ್ತಪ್ರತಿಯ ಮೇಲೆ ಕಣ್ಣಿಟ್ಟು ಕೇಳುತ್ತೇನೆ. ಶ, ಷ ವ್ಯತ್ಯಾಸ ಕಿವಿಗೆ ಸಿಗುವುದಿಲ್ಲ, ಅದನ್ನು ಕಣ್ಣೇ ಹಿಡಿಯಬೇಕು. ಆದರೆ ಬಿಟ್ಟುಹೋದ ಸಾಲು, ಎರಡು ಸಲ ಬಂದ ಪದ ತಕ್ಷಣ ಸಿಕ್ಕಿಬೀಳುತ್ತವೆ. ಹಳೆಯ ಮುದ್ರಣಾಲಯದ ಆ ಎರಡನೆಯ ಮನುಷ್ಯ ಕೊನೆಗೂ ನನಗೆ ಸಿಕ್ಕ ಹಾಗಾಯಿತು.

ಹೋದ ವರ್ಷ ಮೇಷ್ಟ್ರ ಪುಸ್ತಕ ಎರಡನೆಯ ಮುದ್ರಣಕ್ಕೆ ಬಂತು. ನಾನೇ ಕೇಳಿ ತಗೊಂಡೆ. ಮೇಲೆ ಅವರ ಹಸ್ತಪ್ರತಿ, ಕೆಳಗೆ ಮೊದಲ ಮುದ್ರಣದ ಪುಟ. ಕೆರೆಯ ಏರಿಯ ಎರಡು ಸಾಲು ಅದರ ಜಾಗಕ್ಕೆ ಹೋಯಿತು. ಅದಲ್ಲದೆ ಇನ್ನೂ ಒಂದು ಕಡೆ ಒಂದು ಸಾಲು ಬಿಟ್ಟಿದ್ದು ಸಿಕ್ಕಿತು. ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ, ಮೇಷ್ಟ್ರು ಕೂಡ. ಅವರಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಹಾಕಿ ಅಂದರು.

ಈಗ ನನ್ನ ಮುಂದೆ ಇರುವುದು ಶಾಸನಗಳ ಬಗ್ಗೆ ಒಂದು ಪುಸ್ತಕ. ಇದರಲ್ಲಿ ಅಡ್ಡಕ್ಕೆ ಅಗಲವಾದ ಪಟ್ಟಿಗಳಿವೆ, ಪುಟದ ಕೆಳಗೆ ಅಡಿಟಿಪ್ಪಣಿಗಳಿವೆ. ಆ ಪುಟಗಳು ಈ ಜೋಡಣೆಗೆ ಒಗ್ಗುವುದಿಲ್ಲ. ಅಂಥ ಮೂವತ್ತು ಪುಟವನ್ನು ಮಾತ್ರ ಪ್ರಿಂಟ್ ತೆಗೆಸಿಕೊಂಡು, ಪೋಸ್ಟ್‌ಕಾರ್ಡ್ ಇಟ್ಟೇ ನೋಡುತ್ತಿದ್ದೇನೆ.