ಬರ್ಲಿನ್‌ನಲ್ಲಿ ಇಂಗ್ಲಿಷ್ ಪಾಠ ಹೇಳಿ ಬದುಕುವುದು: ಕಾಗದ, ದರ, ತರಗತಿ

ಬರ್ಲಿನ್‌ನಲ್ಲಿ ಹೊರದೇಶದಿಂದ ಬಂದು ಇಂಗ್ಲಿಷ್ ಕಲಿಸುವವರಲ್ಲಿ ಬಹಳಷ್ಟು ಮಂದಿ ಯಾವ ಶಾಲೆಯ ನೌಕರರೂ ಅಲ್ಲ. ಎರಡು ಖಾಸಗಿ ಭಾಷಾ ಶಾಲೆ, ಒಂದೆರಡು ಕಂಪನಿ, ಸಂಜೆಗೆ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರ, ಹೀಗೆ ಅಲ್ಲಿಷ್ಟು ಇಲ್ಲಿಷ್ಟು ಗಂಟೆ ಕೂಡಿಸಿಕೊಂಡು ತಿಂಗಳ ಕೊನೆಗೆ ತಾವೇ ಬಿಲ್ ಬರೆದು ಕಳಿಸುವ ಸ್ವತಂತ್ರ ವೃತ್ತಿಯವರು. ಸರ್ಕಾರಿ ಶಾಲೆಯ ದಾರಿಯೇ ಬೇರೆ. ಅಲ್ಲಿ ಎರಡು ವಿಷಯಗಳಲ್ಲಿ ಶಿಕ್ಷಕ ತರಬೇತಿ ಆಗಿರಬೇಕು, ಜರ್ಮನ್ ಚೆನ್ನಾಗಿ ಬರಬೇಕು, ನಮ್ಮ ಬಿ.ಇಡಿ. ಪದವಿ ಹಿಡಿದು ನೇರವಾಗಿ ಒಳಹೋಗಲು ಆಗುವುದಿಲ್ಲ. ಮುಂದಿನದೆಲ್ಲ ಸ್ವತಂತ್ರವಾಗಿ ಕಲಿಸಲು ಹೊರಟವರಿಗೆ.

ಹೊರಡುವ ಮೊದಲು

ಪ್ರವಾಸಿ ವೀಸಾದಲ್ಲಿ ಬಂದು, ಇಲ್ಲೇ ಅದನ್ನು ಬದಲಿಸಿಕೊಂಡರಾಯಿತು ಎಂಬ ಲೆಕ್ಕಾಚಾರ ಭಾರತದ ಪಾಸ್‌ಪೋರ್ಟ್ ಇರುವವರಿಗೆ ನಡೆಯದು. ದೀರ್ಘಾವಧಿಯ ರಾಷ್ಟ್ರೀಯ ವೀಸಾಕ್ಕೆ ಊರಿನಿಂದಲೇ ಅರ್ಜಿ ಹಾಕಬೇಕು. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಇದೆ. ಸ್ವತಂತ್ರ ವೃತ್ತಿಗೆ ಅನುಮತಿ ಕೊಡುವುದು ಜರ್ಮನ್ ವಾಸ ಕಾಯ್ದೆಯ 21ನೇ ಕಲಂ. ಅರ್ಜಿಯ ಜೊತೆ ಖರ್ಚು-ಆದಾಯದ ಮುನ್ನಂದಾಜು, ಆರೋಗ್ಯ ವಿಮೆ, ಪದವಿಯ ದಾಖಲೆ ಮತ್ತು ಕೆಲಸ ಕೊಡುವವರ ಪತ್ರಗಳು ಬೇಕು. ಅರ್ಜಿಯ ಜೀವಾಳ ಈ ಪತ್ರಗಳೇ. 'ಇವರ ಜೊತೆ ಕೆಲಸ ಮಾಡಲು ಆಸಕ್ತಿಯಿದೆ' ಎಂದಷ್ಟೇ ಬರೆದ ಪತ್ರಕ್ಕೆ ತೂಕವಿಲ್ಲ. ವಾರಕ್ಕೆ ಎಷ್ಟು ಪಾಠ, ಪಾಠಕ್ಕೆ ಎಷ್ಟು ಯೂರೊ, ಯಾವ ತಿಂಗಳಿಂದ ಎಂಬುದು ಅದರಲ್ಲಿರಬೇಕು. ಕನಿಷ್ಠ ಎರಡು ಕಡೆಯ ಪತ್ರ ಇರಲಿ. ಒಂದೇ ಶಾಲೆಯ ಪತ್ರವಿದ್ದರೆ ಇದು ಸ್ವತಂತ್ರ ವೃತ್ತಿಯಲ್ಲ, ಮರೆಮಾಚಿದ ನೌಕರಿ ಎಂಬ ಅನುಮಾನ ಹುಟ್ಟುತ್ತದೆ. ವಯಸ್ಸು 45 ದಾಟಿದ್ದರೆ ನಿವೃತ್ತಿಯ ಕಾಲಕ್ಕೆ ಏನು ಏರ್ಪಾಡು ಎಂಬುದಕ್ಕೂ ಪುರಾವೆ ಕೇಳುತ್ತಾರೆ.

ಗಂಡನೋ ಹೆಂಡತಿಯೋ ಬರ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ನೀವು ಕುಟುಂಬ ವೀಸಾದಲ್ಲಿ ಬರುವುದಾದರೆ ಇಷ್ಟೆಲ್ಲ ಬೇಕಿಲ್ಲ. ಆ ವಾಸದ ಪರವಾನಗಿಯಲ್ಲೇ ದುಡಿಮೆಗೆ ಅನುಮತಿ ಇರುತ್ತದೆ, ಸ್ವತಂತ್ರ ವೃತ್ತಿಯೂ ಅದರಲ್ಲಿ ಸೇರಿದೆ. ಕಾರ್ಡಿನಲ್ಲಿ 'ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್' (ದುಡಿಮೆಗೆ ಅನುಮತಿಯಿದೆ) ಎಂದು ಮುದ್ರಿಸಿದೆಯೇ ನೋಡಿಕೊಂಡರೆ ಸಾಕು.

ಪ್ರಮಾಣಪತ್ರದ ವಿಷಯ. ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಕೊಡುವ 'ಸೆಲ್ಟಾ' ಕೋರ್ಸಿನಲ್ಲಿ 120 ಗಂಟೆಯ ಕಲಿಕೆಯ ಜೊತೆಗೆ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಪಾಠ ಮಾಡಿ ತೋರಿಸಬೇಕು. ಅಗ್ಗದ ಆನ್‌ಲೈನ್ ಕೋರ್ಸುಗಳೂ '120 ಗಂಟೆ' ಎಂದೇ ಬರೆದುಕೊಳ್ಳುತ್ತವೆ, ಆದರೆ ಆ 6 ಗಂಟೆ ಅವುಗಳಲ್ಲಿ ಇರುವುದಿಲ್ಲ. ಜಾಹೀರಾತುಗಳಲ್ಲಿ 'ನೇಟಿವ್ ಸ್ಪೀಕರ್ ಬೇಕು' ಎಂದು ಕಾಣುತ್ತಲೇ ಇರುತ್ತದೆ. ಹಿಂಜರಿಯಬೇಡಿ, ಆದರೆ ಅರ್ಜಿಯ ಜೊತೆ ಹತ್ತು ನಿಮಿಷದ ಮಾದರಿ ಪಾಠದ ವಿಡಿಯೊ ಕಳಿಸಿ. ಕಿವಿಯಾರೆ ಕೇಳಿದ ಮೇಲೆ ಪಾಸ್‌ಪೋರ್ಟಿನ ಬಣ್ಣ ಕೇಳುವವರು ಕಡಿಮೆ.

ಇನ್ನೊಂದು ಕೆಲಸ ಊರಲ್ಲೇ ಮುಗಿಸಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರೂ ಅಪ್ಪನ ಹೆಸರೂ ಒಂದೇ ಸಾಲಿನಲ್ಲಿ. ಇಲ್ಲಿನ ಅರ್ಜಿಗಳಲ್ಲಿ ಎರಡೂ ಜಾಗ ತುಂಬಲೇಬೇಕು. ಬ್ಯಾಂಕಿನವರು ಒಂದು ರೀತಿ, ವಿಮೆಯವರು ಇನ್ನೊಂದು ರೀತಿ ತುಂಬುತ್ತಾರೆ. ಕೊನೆಗೆ ನೀವು ಕಡತಗಳಲ್ಲಿ ಮೂರು ಬೇರೆ ಬೇರೆ ಮನುಷ್ಯರಾಗಿರುತ್ತೀರಿ. ಪಾಸ್‌ಪೋರ್ಟಿನಲ್ಲೇ ಹೆಸರು ಒಡೆದು ಸರಿಪಡಿಸಿಕೊಂಡು ವಿಮಾನ ಹತ್ತಿ.

ಬಂದ ಮೇಲೆ: ಕಾಗದಗಳ ಸರದಿ

ಇಲ್ಲಿ ಒಂದು ಕಾಗದ ಕೈಗೆ ಬರದೆ ಮುಂದಿನದು ಹುಟ್ಟುವುದಿಲ್ಲ. ಮೊದಲನೆಯದು 'ಆನ್‌ಮೆಲ್ಡುಂಗ್', ಅಂದರೆ ವಿಳಾಸದ ನೋಂದಣಿ. ಮನೆಗೆ ಬಂದು ಸೇರಿದ 14 ದಿನದೊಳಗೆ ಮಾಡಿಸಬೇಕು. ಇದಕ್ಕೆ ಮನೆ ಮಾಲೀಕರು ಸಹಿ ಹಾಕಿದ 'ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್' ಎಂಬ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಹೀಗಾಗಿ ಜಾಹೀರಾತಿನಲ್ಲಿ 'ಆನ್‌ಮೆಲ್ಡುಂಗ್ ಸಾಧ್ಯವಿಲ್ಲ' ಎಂದಿರುವ ಕೋಣೆ ಎಷ್ಟೇ ಅಗ್ಗವಿದ್ದರೂ ಮೊದಲ ಮನೆಯಾಗಿ ಹಿಡಿಯಬೇಡಿ. ಈ ನೋಂದಣಿ ಮಾಡುವ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಸೇವಾ ಕಚೇರಿಯಲ್ಲಿ ಸಮಯ ಸಿಗುವುದೇ ಕಷ್ಟ. ಮನೆ ಹತ್ತಿರದ ಕಚೇರಿಗೇ ಅಂಟಿಕೊಳ್ಳಬೇಡಿ, ನಗರದ ಯಾವ ಬ್ಯುರ್ಗರ್‌ಆಮ್ಟ್‌ನಲ್ಲಾದರೂ ಮಾಡಿಸಬಹುದು. ಬೇರೆಯವರು ರದ್ದು ಮಾಡಿದ ಸಮಯಗಳು ಬೆಳಗ್ಗೆ ಪೋರ್ಟಲ್‌ನಲ್ಲಿ ಕಾಣಿಸಿಕೊಳ್ಳುತ್ತವೆ.

ಆ ಅರ್ಜಿಯಲ್ಲಿ ಧರ್ಮ ಕೇಳುವ ಒಂದು ಜಾಗವಿದೆ. ಮಂಗಳೂರು ಕಡೆಯ ಕ್ಯಾಥೊಲಿಕರು ಇದನ್ನು ತಿಳಿದು ತುಂಬಬೇಕು: ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಎಂದು ಬರೆದರೆ ಬರ್ಲಿನ್‌ನಲ್ಲಿ ಆದಾಯ ತೆರಿಗೆಯ ಶೇ 9ರಷ್ಟು ಚರ್ಚ್ ತೆರಿಗೆ ಸೇರುತ್ತದೆ.

ಇನ್ನು ಅಂಚೆ ಪೆಟ್ಟಿಗೆ. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ. ಕಟ್ಟಡದ ಸಂಖ್ಯೆ ಮತ್ತು ಹೆಸರು, ಅಷ್ಟೆ. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. 11 ಅಂಕಿಯ ತೆರಿಗೆ ಗುರುತಿನ ಸಂಖ್ಯೆ ಬರುವುದು ಅಂಚೆಯಲ್ಲಿ, ಎಲ್ಸ್ಟರ್ ಎಂಬ ತೆರಿಗೆ ಪೋರ್ಟಲ್‌ನ ಸಕ್ರಿಯಗೊಳಿಸುವ ಸಂಕೇತ ಬರುವುದೂ ಅಂಚೆಯಲ್ಲಿ. ಬೇರೆಯವರ ಮನೆಯಲ್ಲಿ ಒಂದು ಕೋಣೆ ಹಿಡಿದವರು ನೋಂದಣಿಯಲ್ಲಿರುವ ಹೆಸರನ್ನೇ ಚೀಟಿಯಲ್ಲಿ ಬರೆದು ಮೊದಲ ದಿನವೇ ಅಂಟಿಸಿ.

ಗುರುತಿನ ಸಂಖ್ಯೆ ಬೇರೆ, 'ಸ್ಟಾಯರ್‌ನುಮ್ಮರ್' ಎಂಬ ತೆರಿಗೆ ಸಂಖ್ಯೆ ಬೇರೆ. ಬಿಲ್ ಮೇಲೆ ಹಾಕಬೇಕಾದದ್ದು ಎರಡನೆಯದು. ಕೆಲಸ ಶುರುವಾದ ಒಂದು ತಿಂಗಳೊಳಗೆ ಎಲ್ಸ್ಟರ್‌ನಲ್ಲಿ ಪ್ರಶ್ನಾವಳಿ ತುಂಬಿದರೆ ತೆರಿಗೆ ಕಚೇರಿ ಅದನ್ನು ಕೊಡುತ್ತದೆ. ಪಾಠ ಹೇಳುವುದು ಕಾನೂನಿನ ಪ್ರಕಾರ ಸ್ವತಂತ್ರ ವೃತ್ತಿ, ವ್ಯಾಪಾರವಲ್ಲ. ಯಾರದ್ದೋ ಮಾತು ಕೇಳಿ 'ಗೆವೆರ್ಬೆ' ಎಂಬ ವ್ಯಾಪಾರ ನೋಂದಣಿ ಮಾಡಿಸಿದರೆ ಬೇಡದ ವಾಣಿಜ್ಯ ಮಂಡಳಿಯ ಸದಸ್ಯತ್ವ ಬೆನ್ನಿಗೆ ಬೀಳುತ್ತದೆ. ಅದೇ ಪ್ರಶ್ನಾವಳಿಯಲ್ಲಿ ಸಣ್ಣ ಉದ್ಯಮಿ ವಿನಾಯಿತಿ ಆರಿಸಿಕೊಳ್ಳಬಹುದು: 2025ರಿಂದ, ಹಿಂದಿನ ವರ್ಷದ ವಹಿವಾಟು 25,000 ಯೂರೊ ಮೀರದವರು ಬಿಲ್‌ಗೆ ವ್ಯಾಟ್ ಸೇರಿಸಬೇಕಿಲ್ಲ. ಹೀಗೆ ಸೇರಿಸದಿರುವುದಕ್ಕೆ ಕಾರಣವನ್ನು ಬಿಲ್‌ನಲ್ಲೇ ಒಂದು ಸಾಲಿನಲ್ಲಿ ಬರೆಯಿರಿ. ಬಿಲ್ ಸಂಖ್ಯೆಗಳು ಸರಣಿ ತಪ್ಪಬಾರದು. ಪಾಠ ನಡೆದ ದಿನಗಳು, ಇಬ್ಬರ ಪೂರ್ತಿ ವಿಳಾಸ ಇರಲಿ. ಇದರಲ್ಲಿ ಒಂದು ತಪ್ಪಿದರೂ ಶಾಲೆಯ ಲೆಕ್ಕಿಗರು ಬಿಲ್ ತಿರುಗಿಸುತ್ತಾರೆ, ಹಣ ಇನ್ನೊಂದು ತಿಂಗಳು ಮುಂದೆ ಹೋಗುತ್ತದೆ.

ಯಾರೂ ಮೊದಲೇ ಹೇಳದ ಪಿಂಚಣಿ ಕಂತು

ಜರ್ಮನಿಯಲ್ಲಿ ಬಹುತೇಕ ಸ್ವತಂತ್ರ ವೃತ್ತಿಯವರು ಸರ್ಕಾರಿ ಪಿಂಚಣಿ ನಿಧಿಗೆ ಸೇರಬೇಕೆಂಬ ಕಡ್ಡಾಯವಿಲ್ಲ. ಶಿಕ್ಷಕರಿಗೆ ಇದೆ. ನೌಕರರನ್ನು ಇಟ್ಟುಕೊಳ್ಳದೆ ಒಬ್ಬರೇ ಕಲಿಸುವವರು ಲಾಭದ ಶೇ 18.6ರಷ್ಟನ್ನು ಕಟ್ಟಬೇಕು. ನೌಕರರಾದರೆ ಅರ್ಧವನ್ನು ಮಾಲೀಕರು ಕೊಡುತ್ತಾರೆ, ಇಲ್ಲಿ ಪೂರ್ತಿ ನಿಮ್ಮದೇ. ಲಾಭ ತಿಂಗಳಿಗೆ 603 ಯೂರೊ (2026ರ ಮಿತಿ) ದಾಟದಿದ್ದರೆ ಮಾತ್ರ ಬಿಡುಗಡೆ. ಕೆಲಸ ಶುರು ಮಾಡಿದ 3 ತಿಂಗಳೊಳಗೆ ನೀವೇ ತಿಳಿಸಬೇಕು. ಯಾರೂ ಬಂದು ಕೇಳುವುದಿಲ್ಲ. ಕೇಳಲಿಲ್ಲವೆಂದು ಸುಮ್ಮನಿದ್ದರೆ ನಾಲ್ಕು ವರ್ಷದ ಹಿಂಬಾಕಿ ಒಟ್ಟಿಗೇ ಬರಬಹುದು. ನೀವು ಬೇರೆ ಕೇಳದಿದ್ದರೆ ಹಾಕುವ ನಿಗದಿತ ಮೊತ್ತ 2026ರಲ್ಲಿ ತಿಂಗಳಿಗೆ 735.63 ಯೂರೊ, ಆರಂಭದ ವರ್ಷಗಳಲ್ಲಿ ಅದರ ಅರ್ಧ. ಆದರೆ ಆದಾಯಕ್ಕೆ ತಕ್ಕಂತೆ ಕಟ್ಟುತ್ತೇನೆ ಎಂದು ಅರ್ಜಿ ಕೊಡುವ ಹಕ್ಕಿದೆ. ಕಡಿಮೆ ಆದಾಯದವರು ಮೊದಲ ಪತ್ರದಲ್ಲೇ ಇದನ್ನು ಬರೆದುಬಿಡುವುದು ಒಳ್ಳೆಯದು. ಹಣ ನೀರುಪಾಲಾಗುವುದಿಲ್ಲ: 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದವಿದೆ.

ಆರೋಗ್ಯ ವಿಮೆಯದು ಇನ್ನೊಂದು ಗಂಟು. ಭಾರತದಿಂದ ನೇರವಾಗಿ ಸ್ವತಂತ್ರ ವೃತ್ತಿಗೆ ಬಂದವರನ್ನು ಸಾರ್ವಜನಿಕ ವಿಮೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ, ಖಾಸಗಿಯೇ ಗತಿ. ಅಗ್ಗದ ಪ್ರವಾಸಿ ವಿಮೆಯಲ್ಲಿ ವೀಸಾ ಸಿಕ್ಕರೂ ಪರವಾನಗಿ ನವೀಕರಣದಲ್ಲಿ ಅದು ನಿಲ್ಲದೆ ಹೋಗಬಹುದು. ಸಂಗಾತಿಯ ಸಾರ್ವಜನಿಕ ವಿಮೆಯಲ್ಲಿ ಪುಕ್ಕಟೆಯಾಗಿ ಸೇರಿಕೊಂಡವರ ಆದಾಯ ತಿಂಗಳಿಗೆ 565 ಯೂರೊ (2026) ಮೀರಿದರೆ ಆ ಸೌಲಭ್ಯ ಹೋಗುತ್ತದೆ. ವಾರಕ್ಕೆ ಇನ್ನೆರಡು ಪಾಠ ಒಪ್ಪಿಕೊಳ್ಳುವ ಮುಂಚೆ ಈ ಗೆರೆ ನೆನಪಿರಲಿ. ಎರಡು ಪಾಠದ ಆಸೆಗೆ ವಿಮೆಯ ಪೂರ್ತಿ ಕಂತು ಹೆಗಲಿಗೇರುತ್ತದೆ.

ದರ ಕೇಳುವ ಮುಂಚೆ ಮಾಡಬೇಕಾದ ಲೆಕ್ಕ

ಶಾಲೆಗಳು ಹೇಳುವ 'ಗಂಟೆ' 45 ನಿಮಿಷದ ಪಾಠ. ತೊಂಬತ್ತು ನಿಮಿಷದ ತರಗತಿಗೆ ಎರಡು ಪಾಠದ ಹಣ. ಒಂದು ಪಾಠಕ್ಕೆ 25 ಯೂರೊ, ವಾರಕ್ಕೆ 20 ಪಾಠ ಎಂದಿಟ್ಟುಕೊಳ್ಳಿ. ವಾರಕ್ಕೆ 500. ಆದರೆ ವರ್ಷಕ್ಕೆ 52 ವಾರ ಎಣಿಸಬೇಡಿ. ಬೇಸಿಗೆಯಲ್ಲಿ ಆರು ವಾರ ರಜೆ, ಕ್ರಿಸ್‌ಮಸ್ ಎರಡು ವಾರ, ಹಬ್ಬ, ಜ್ವರ, ಕೋರ್ಸುಗಳ ನಡುವಿನ ಬಿಡುವು ಕಳೆದರೆ 40 ಉಳಿದೀತು. ಅಲ್ಲಿಗೆ 20,000. ಹಣವಿಲ್ಲದೆ ರದ್ದಾಗುವ ತರಗತಿಗಳಿಗೆ 1,000 ಕಳೆಯಿರಿ. ಪ್ರಯಾಣದ ಪಾಸ್, ಪುಸ್ತಕ, ಫೋನ್ ಎಂದು 1,750 ಹೋದರೆ ಲಾಭ 17,250, ತಿಂಗಳಿಗೆ 1,437. ಪಿಂಚಣಿಗೆ 267, ಆರೋಗ್ಯ ವಿಮೆಗೆ ಸುಮಾರು 300 ಹೋಗಿ ಉಳಿಯುವುದು 870. ಹಂಚಿಕೊಂಡ ಮನೆಯ ಕೋಣೆಗೆ 600 ಕೊಟ್ಟರೆ ಊಟಕ್ಕೂ ಉಳಿದದ್ದಕ್ಕೂ 270. 2026ರಲ್ಲಿ 12,348 ಯೂರೊವರೆಗಿನ ತೆರಿಗೆಯೋಗ್ಯ ಆದಾಯಕ್ಕೆ ತೆರಿಗೆಯಿಲ್ಲವಾದ್ದರಿಂದ ಆದಾಯ ತೆರಿಗೆ ಬೀಳಲಿಲ್ಲ ಎನ್ನುವುದೊಂದೇ ಸಮಾಧಾನ.

ಆದ್ದರಿಂದ ಚೌಕಾಸಿ ಬರೀ ದರದ ಮೇಲಲ್ಲ, ಕರಾರಿನ ಉಳಿದ ಸಾಲುಗಳ ಮೇಲೂ ನಡೆಯಬೇಕು. 24 ಗಂಟೆಯೊಳಗೆ ರದ್ದಾದ ತರಗತಿಗೆ ಪೂರ್ತಿ ಹಣ ಎಂದು ಬರೆಸಿ. ಕಂಪನಿ ತರಗತಿಗಳಿಗೆ 48 ಗಂಟೆ ಕೇಳಿ ನೋಡಿ, ಏಕೆಂದರೆ ಕೊನೇ ಗಳಿಗೆಯ ಮೀಟಿಂಗುಗಳು ಅಲ್ಲೇ ಹೆಚ್ಚು. ಒಂದೇ ಪಾಠಕ್ಕಾಗಿ ನಗರದ ಇನ್ನೊಂದು ತುದಿಗೆ ಹೋಗಬೇಡಿ: ನಗರದಂಚಿನ ಆಡ್ಲರ್ಸ್‌ಹೋಫ್‌ನ ಕಂಪನಿಗೆ ಹೋಗುವುದಾದರೆ ಅಲ್ಲಿ ಎರಡು ಗುಂಪು ಬೆನ್ನುಬೆನ್ನಿಗೆ ಸಿಗುವಂತೆ ನೋಡಿಕೊಳ್ಳಿ. ಶಾಲೆಗಳು ಬಿಲ್ ತಲುಪಿದ ಮೇಲೆ 14ರಿಂದ 30 ದಿನ ತೆಗೆದುಕೊಳ್ಳುತ್ತವೆ. ತಿಂಗಳ ಮೊದಲಲ್ಲಿ ಕಲಿಸಿದ್ದಕ್ಕೆ ಹಣ ಕಾಣಲು ಎರಡು ತಿಂಗಳಾದೀತು, ಬರುವಾಗಲೇ ಮೂರು ತಿಂಗಳ ಖರ್ಚು ಜೊತೆಗಿರಲಿ.

ಒಂದು ಶಾಲೆ ಇದ್ದಕ್ಕಿದ್ದಂತೆ 'ನೌಕರಿಯ ಕರಾರಿಗೆ ಸಹಿ ಮಾಡಿ' ಎಂದರೆ ಗಾಬರಿ ಬೇಡ. 2022ರ ಜೂನ್ 28ರಂದು ಜರ್ಮನಿಯ ಫೆಡರಲ್ ಸಾಮಾಜಿಕ ನ್ಯಾಯಾಲಯವು ಹೆರೆನ್‌ಬೆರ್ಗ್ ಊರಿನ ಸಂಗೀತ ಶಾಲೆಯ ಶಿಕ್ಷಕಿಯೊಬ್ಬರನ್ನು ಸ್ವತಂತ್ರ ವೃತ್ತಿಯವರಲ್ಲ, ನೌಕರರೇ ಎಂದು ತೀರ್ಮಾನಿಸಿತು. ಅಲ್ಲಿಂದ ಶಾಲೆಗಳು ಕರಾರುಗಳನ್ನು ಮತ್ತೆ ನೋಡುತ್ತಿವೆ. ನೌಕರಿ ನಿಮಗೆ ಲಾಭವೇ. ಆದರೆ ಪರವಾನಗಿಯಲ್ಲಿ ಸ್ವತಂತ್ರ ವೃತ್ತಿಗೆ ಮಾತ್ರ ಅನುಮತಿಯಿದ್ದರೆ, ವಲಸೆ ಕಚೇರಿಯ ಒಪ್ಪಿಗೆ ಸಿಗುವವರೆಗೆ ಸಹಿ ಹಾಕಬೇಡಿ.

ತರಗತಿಯೊಳಗೆ

ಎಂಟಕ್ಕೆ ಪಾಠ ಎಂದರೆ ಏಳೂ ಐವತ್ತಕ್ಕೆ ಬಾಗಿಲಲ್ಲಿರಬೇಕು. ಹಾಜರಿ ಹಾಳೆಗೆ ವಿದ್ಯಾರ್ಥಿಗಳ ಸಹಿ ಪ್ರತಿ ಸಲ ಪಡೆಯಿರಿ. ಸಹಿಯಿಲ್ಲದ ತರಗತಿಗೆ ಹಣ ಕೊಡಲು ಶಾಲೆಗಳು ತಕರಾರು ತೆಗೆಯುತ್ತವೆ. ಜರ್ಮನ್ ವಯಸ್ಕರು ತಪ್ಪು ತಿದ್ದಿದರೆ ನೊಂದುಕೊಳ್ಳುವುದು ಕಡಿಮೆ, ತಿದ್ದದಿದ್ದರೆ 'ಇವರೇನು ಕಲಿಸಿದರು' ಎನ್ನುತ್ತಾರೆ. ಮಾತಿನ ನಡುವೆ ತಡೆಯದೆ ಹಾಳೆಯಲ್ಲಿ ಬರೆದುಕೊಳ್ಳಿ, ಕೊನೆಯ ಹತ್ತು ನಿಮಿಷ ತಿದ್ದುವುದಕ್ಕೇ ಮೀಸಲಿಡಿ.

ಕನ್ನಡದವರು ಇಲ್ಲಿ ಎಚ್ಚರವಿರಬೇಕಾದ ಜಾಗಗಳಿವೆ. ಜರ್ಮನರು 'ವೈನ್' ಎನ್ನುವಾಗ ಹಲ್ಲು ತುಟಿಗೆ ತಾಗಿಸುತ್ತಾರೆ, ತಿದ್ದಲು ಹೊರಟರೆ 'ವಿಲೇಜ್' ಎನ್ನುವಾಗಲೂ ತುಟಿ ದುಂಡಗೆ ಮಾಡುತ್ತಾರೆ. ನಮಗೆ ಇರುವುದೂ ಒಂದೇ 'ವ'. ಎರಡನ್ನೂ ಕನ್ನಡಿಯ ಮುಂದೆ ನೀವು ಮೊದಲು ಬೇರೆ ಮಾಡಿಕೊಳ್ಳಿ: 'ವಿಲೇಜ್'ಗೆ ಮೇಲಿನ ಹಲ್ಲು ಕೆಳತುಟಿಯ ಮೇಲೆ, 'ವೈನ್'ಗೆ ಹಲ್ಲು ತಾಗದೆ ತುಟಿ ಮುಂದೆ. 'ಐ ಆಮ್ ಹಿಯರ್ ಸಿನ್ಸ್ ಟು ಇಯರ್ಸ್' ಎಂಬ ತಪ್ಪು ಜರ್ಮನ್‌ನಿಂದಲೂ ಬರುತ್ತದೆ, ಕನ್ನಡದಿಂದಲೂ ಬರುತ್ತದೆ. ನಿಮ್ಮ ಕಿವಿಗೆ ಅದು ಸರಿಯೆಂದೇ ಕೇಳಿಸಿ ದಾಟಿಹೋಗುವ ಅಪಾಯವಿದೆ. ಪದದ ಕೊನೆಯ 'ಗ್' ಅವರ ಬಾಯಲ್ಲಿ 'ಕ್' ಆಗುತ್ತದೆ, ಬ್ಯಾಗ್ ಎಂದರೆ ಬ್ಯಾಕ್. ಕೊನೆಯ ವ್ಯಂಜನವನ್ನು ಒತ್ತಿ ಹೇಳಿಸಿದರೆ 'ಬ್ಯಾಗು' ಎಂದಾಗಿಬಿಡುತ್ತದೆ. ಅದರ ಹಿಂದಿನ ಸ್ವರವನ್ನು ಎಳೆದು ಹೇಳಿಸಿ, ಬೇಗ ಸರಿಹೋಗುತ್ತದೆ.

ಉಳಿದದ್ದು

ಓಡಾಟಕ್ಕೆ ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ತಿಂಗಳ ಪಾಸ್ ಸಾಕು. 2026ರಲ್ಲಿ ತಿಂಗಳಿಗೆ 63 ಯೂರೊ, ಪಕ್ಕದ ಊರು ಪಾಟ್ಸ್‌ಡಾಮ್‌ನ ತರಗತಿಗೂ ನಡೆಯುತ್ತದೆ. ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಖಿನೊಳಗೆ ತಿಳಿಸಬೇಕು. ಆಗಸ್ಟ್ ಖಾಲಿಯಿದ್ದರೆ ಜುಲೈ ಹತ್ತರೊಳಗೆ ರದ್ದು ಮಾಡಿ. ರೇಡಿಯೊ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೊ, ಅದು ಮನೆಗೆ ಒಂದು, ತಲೆಗೆ ಒಂದಲ್ಲ. ಜೊತೆಗಿರುವವರು ಆಗಲೇ ಕಟ್ಟುತ್ತಿದ್ದರೆ ನಿಮಗೆ ಬರುವ ಶುಲ್ಕದ ಪತ್ರಕ್ಕೆ ಅವರ ಶುಲ್ಕ ಸಂಖ್ಯೆ ಬರೆದು ಉತ್ತರಿಸಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಸೋಮವಾರದ ಪ್ರತಿಗಳನ್ನು ಶನಿವಾರವೇ ಮುದ್ರಿಸಿಕೊಳ್ಳಿ. ಶಾಲೆಯ ಕೀಲಿ ಕೈಗೆ ಕೊಟ್ಟರೆ ನಿಮ್ಮ ಹೊಣೆಗಾರಿಕೆ ವಿಮೆ ವೃತ್ತಿಗೆ ಸಂಬಂಧಿಸಿದ ಕೀಲಿ ನಷ್ಟವನ್ನೂ ಭರಿಸುತ್ತದೆಯೇ ಕೇಳಿ. ಒಂದು ಕೀಲಿ ಕಳೆದರೆ ಇಡೀ ಕಟ್ಟಡದ ಬೀಗ ಬದಲಿಸಿದ ಖರ್ಚು ಬರಬಹುದು.

ದರ ಏರಿ ತೆರಿಗೆ ಬೀಳುವಷ್ಟು ಆದಾಯವಾದವರಿಗೆ ಎರಡನೇ ವರ್ಷ ಬಿಗಿ. ಮೊದಲ ವರ್ಷದ ತೆರಿಗೆ ವಿವರ ಮುಂದಿನ ವರ್ಷದ ಜುಲೈ 31ರೊಳಗೆ ಸಲ್ಲಿಸುತ್ತೀರಿ. ಅದರ ಬಾಕಿ ಕಟ್ಟುವ ಹೊತ್ತಿಗೇ ಮುಂಗಡ ತೆರಿಗೆಯ ಆದೇಶವೂ ಬರುತ್ತದೆ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ 10ಕ್ಕೆ ಒಂದೊಂದು ಕಂತು. ಅದೇ ಆದೇಶ ನೋಡಿ ಪಿಂಚಣಿ ಕಚೇರಿಯೂ ಮೊತ್ತ ಏರಿಸುತ್ತದೆ. ಬಂದ ಪ್ರತಿ ಬಿಲ್‌ನಿಂದ ಮೂರನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕುತ್ತ ಬನ್ನಿ. ಆ ವರ್ಷದ ಆದಾಯ ಕುಸಿದಿದ್ದರೆ ಮುಂಗಡ ಕಡಿಮೆ ಮಾಡಿ ಎಂದು ಎಲ್ಸ್ಟರ್‌ನಲ್ಲೇ ಕೇಳಬಹುದು. ಲೆಕ್ಕದ ಒಂದು ಹಾಳೆ ಲಗತ್ತಿಸಿ.